ತಲೆಗೆ ಹಚ್ಚುವ ಮಿನಾಕ್ಸಿಡಿಲ್: ದ್ರಾವಣವೋ, ನೊರೆಯೋ, ಮತ್ತೊಂದೋ?

"ದ್ರಾವಣ ಒಳ್ಳೆಯದೋ ಫೋಮ್ ಒಳ್ಳೆಯದೋ? ಶೇ 2 ಸಾಕೇ, ಶೇ 5 ಬೇಕೇ? ಎರಡನ್ನೂ ಬೆರೆಸಿ ಹಚ್ಚಬಹುದೇ?" ಕೂದಲು ಉದುರುವಿಕೆಯ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಆಯ್ಕೆ ಮಾಡುವ ಕ್ರಮವನ್ನೇ ಮೊದಲಿನಿಂದ ಬರೆದಿಡುವುದು ಮೇಲೆನಿಸಿ ಈ ಲೇಖನ ಸಿದ್ಧಪಡಿಸಿದ್ದೇನೆ. ಬಾಟಲಿಯಲ್ಲಿರಲಿ, ಡಬ್ಬದಲ್ಲಿರಲಿ, ಒಳಗಿರುವ ಮದ್ದು ಒಂದೇ. ಬೇರೆಯಾಗಿರುವುದು ಅದನ್ನು ಚರ್ಮದವರೆಗೆ ಹೊತ್ತೊಯ್ಯುವ ಮಾಧ್ಯಮ ಮಾತ್ರ. ಆದ್ದರಿಂದ ಯಾವುದು ಹೆಚ್ಚು ಪ್ರಬಲ ಎಂದು ಕೇಳುವುದಕ್ಕಿಂತ, ಯಾವುದನ್ನು ನಿಮ್ಮ ತಲೆಯ ಚರ್ಮ ತಡೆದುಕೊಳ್ಳುತ್ತದೆ, ಯಾವುದನ್ನು ನೀವು ಒಂದು ವರ್ಷ ಬಿಡದೆ ಹಚ್ಚಬಲ್ಲಿರಿ ಎಂದು ಕೇಳಿಕೊಳ್ಳಬೇಕು.

ಮಿನಾಕ್ಸಿಡಿಲ್ ಹುಟ್ಟಿದ್ದು ಕೂದಲಿಗಾಗಿ ಅಲ್ಲ. 1979ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇದನ್ನು ತೀವ್ರ ರಕ್ತದೊತ್ತಡದ ಮಾತ್ರೆಯಾಗಿ ಒಪ್ಪಿಕೊಂಡಿತು. ಮಾತ್ರೆ ನುಂಗಿದವರ ಮೈಮೇಲೆ ಎಲ್ಲೆಂದರಲ್ಲಿ ಕೂದಲು ಬೆಳೆಯತೊಡಗಿದ್ದನ್ನು ಕಂಡು, ಅದೇ ಮದ್ದನ್ನು ತಲೆಗೆ ಹಚ್ಚುವ ದ್ರಾವಣವಾಗಿ ರೂಪಿಸಲಾಯಿತು. ಗಂಡಸರಿಗಾಗಿ ಶೇ 2ರ ದ್ರಾವಣಕ್ಕೆ 1988ರಲ್ಲಿ, ಹೆಂಗಸರಿಗಾಗಿ 1991ರಲ್ಲಿ ಅನುಮತಿ ದೊರೆಯಿತು. ಶೇ 5ರ ದ್ರಾವಣ 1997ರಲ್ಲಿ, ನೊರೆಯ ರೂಪ 2006ರಲ್ಲಿ ಬಂದವು. ಈ ಹಿನ್ನೆಲೆಯನ್ನು ಹೇಳುವುದಕ್ಕೆ ಕಾರಣವಿದೆ: ತಲೆಗೆ ಹಚ್ಚಿದರೂ ಇದು ಮೂಲತಃ ರಕ್ತನಾಳಗಳನ್ನು ಹಿಗ್ಗಿಸುವ ಔಷಧ. ಇದನ್ನು ಕೇಶತೈಲದಂತೆ ಅಂದಾಜಿನ ಮೇಲೆ ಸುರಿದುಕೊಳ್ಳುವಂತಿಲ್ಲ.

ಕೂದಲು ಬೆಳೆಯುವ ಹಂತ, ವಿಶ್ರಾಂತಿಯ ಹಂತ, ಉದುರುವ ಹಂತ ಎಂದು ಸರದಿಯಲ್ಲಿ ಸಾಗುತ್ತದೆ. ಮಿನಾಕ್ಸಿಡಿಲ್ ವಿಶ್ರಾಂತಿಯ ಹಂತವನ್ನು ಮೊಟಕುಗೊಳಿಸಿ ಬೆಳವಣಿಗೆಯ ಹಂತವನ್ನು ಉದ್ದ ಮಾಡುತ್ತದೆ. ಆದರೆ ಹಚ್ಚಿದ ರೂಪದಲ್ಲೇ ಅದು ಕೆಲಸ ಮಾಡುವುದಿಲ್ಲ. ರೋಮಕೂಪದಲ್ಲಿ, ಅಂದರೆ ಕೂದಲು ಹುಟ್ಟುವ ಚರ್ಮದ ಸಣ್ಣ ಚೀಲದಲ್ಲಿ, ಸಲ್ಫೊಟ್ರಾನ್ಸ್‌ಫರೇಸ್ ಎಂಬ ಕಿಣ್ವವಿರುತ್ತದೆ. ಅದು ಮದ್ದನ್ನು ಮಿನಾಕ್ಸಿಡಿಲ್ ಸಲ್ಫೇಟ್ ಆಗಿ ಮಾರ್ಪಡಿಸಿದ ಮೇಲಷ್ಟೇ ಪರಿಣಾಮ ಆರಂಭವಾಗುತ್ತದೆ. ಈ ಕಿಣ್ವದ ಚಟುವಟಿಕೆ ಕಡಿಮೆ ಇರುವವರಿಗೆ ಯಾವ ರೂಪದ ಮಿನಾಕ್ಸಿಡಿಲ್ ಹಚ್ಚಿದರೂ ಫಲ ಕಡಿಮೆಯೇ. ಒಬ್ಬರಿಗೆ ಒದಗಿದ್ದು ಇನ್ನೊಬ್ಬರಿಗೆ ಒದಗದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು ಹೆಚ್ಚೇನಿಲ್ಲ: ಪೊಟ್ಟಣದೊಳಗಿನ ಮಾಹಿತಿ ಚೀಟಿ, ಒಂದು ಸಣ್ಣ ಬಾಚಣಿಗೆ, ನೆತ್ತಿ ಕಾಣುವಂತೆ ತೆಗೆದ ಮೂರು ನಾಲ್ಕು ಫೋಟೊಗಳು ಮತ್ತು ಆರಂಭಿಸಿದ ದಿನಾಂಕವನ್ನು ಬರೆದಿಟ್ಟ ಒಂದು ಹಾಳೆ.

1. ಉದುರುತ್ತಿರುವುದು ಯಾವ ಬಗೆಯದೆಂದು ಮೊದಲು ತಿಳಿದುಕೊಳ್ಳಿ

ಹಚ್ಚುವ ಮಿನಾಕ್ಸಿಡಿಲ್‌ಗೆ ಅನುಮತಿ ಇರುವುದು ಮುಖ್ಯವಾಗಿ ವಂಶಪಾರಂಪರ್ಯವಾಗಿ ಬರುವ ಕೂದಲು ತೆಳುವಾಗುವಿಕೆಗೆ. ವೈದ್ಯರು ಇದನ್ನು ಆಂಡ್ರೊಜೆನೆಟಿಕ್ ಅಲೊಪೇಶಿಯ ಎನ್ನುತ್ತಾರೆ. ಗಂಡಸರಲ್ಲಿ ಇದು ಹಣೆಯ ಎರಡು ಮೂಲೆಗಳಿಂದ ಹಿಂದೆ ಸರಿಯುತ್ತದೆ, ನಡುನೆತ್ತಿಯಲ್ಲಿ ವೃತ್ತಾಕಾರವಾಗಿ ಬೋಳಾಗುತ್ತದೆ. ಹೆಂಗಸರಲ್ಲಿ ಸಾಮಾನ್ಯವಾಗಿ ಮುಂದಲೆಯ ಅಂಚು ಉಳಿದುಕೊಂಡು ಬೈತಲೆ ಅಗಲವಾಗುತ್ತ ಹೋಗುತ್ತದೆ. ಎರಡರಲ್ಲೂ ನಡೆಯುವುದು ನಿಧಾನ, ವರ್ಷಗಳ ಲೆಕ್ಕದಲ್ಲಿ.

ನಿಮ್ಮದು ಹಾಗಿಲ್ಲದೆ ಕೂದಲು ಏಕಾಏಕಿ ಹಿಡಿಹಿಡಿಯಾಗಿ ಉದುರುತ್ತಿದ್ದರೆ, ಎರಡು ಮೂರು ತಿಂಗಳ ಹಿಂದೆ ಏನಾಗಿತ್ತೆಂದು ನೆನಪಿಸಿಕೊಳ್ಳಿ. ಹೆರಿಗೆ, ತೀವ್ರ ಜ್ವರ, ಶಸ್ತ್ರಚಿಕಿತ್ಸೆ, ಒಮ್ಮೆಗೇ ತೂಕ ಇಳಿಸಿದ್ದು, ಇವುಗಳ ನಂತರ ತಲೆಯ ತುಂಬ ಕೂದಲು ಉದುರುವುದುಂಟು. ಟೆಲೊಜೆನ್ ಎಫ್ಲೂವಿಯಮ್ ಎಂಬ ಈ ಸ್ಥಿತಿ ಬಹುಪಾಲು ತಾನಾಗಿಯೇ ಸರಿಹೋಗುತ್ತದೆ. ರಕ್ತಹೀನತೆ ಮತ್ತು ಥೈರಾಯ್ಡ್ ತೊಂದರೆಗಳಲ್ಲಿ ಮೂಲ ಕಾರಣಕ್ಕೆ ಚಿಕಿತ್ಸೆಯಾಗಬೇಕೇ ಹೊರತು ನೆತ್ತಿಗೆ ಹಚ್ಚಿ ಫಲವಿಲ್ಲ. ನಾಣ್ಯದಾಕಾರದಲ್ಲಿ ನುಣ್ಣಗೆ ಬೋಳಾದ ಜಾಗ, ಕೆಂಪಾಗಿ ಉರಿಯುವ ಚರ್ಮ, ಕೀವು, ಗಾಯದ ಕಲೆಯಂತೆ ಹೊಳೆಯುವ ಚರ್ಮ ಕಂಡುಬಂದರೆ ತಡಮಾಡದೆ ಚರ್ಮರೋಗ ತಜ್ಞರ ಬಳಿಗೆ ಹೋಗಿ. ಕಲೆ ಕಟ್ಟುವ ಬಗೆಯ ಬೋಳುತನದಲ್ಲಿ ರೋಮಕೂಪವೇ ನಾಶವಾಗುತ್ತದೆ, ಆಮೇಲೆ ಎಚ್ಚರಗೊಳಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ. ಯಾರಿಗಾದರೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ, ಅದನ್ನು ಕಂಡು ಗಾಬರಿಯಾಗಿ ಬಾಟಲಿ ತರಬೇಕಾಗಿಲ್ಲ.

2. ನೀವು ಹಚ್ಚಬಹುದೇ ಎಂದು ಖಚಿತಪಡಿಸಿಕೊಳ್ಳಿ

ಗರ್ಭಿಣಿಯರು, ಎದೆಹಾಲುಣಿಸುವವರು ಮತ್ತು 18 ವರ್ಷದೊಳಗಿನವರು ಇದನ್ನು ಹಚ್ಚಬಾರದು. ಹೃದಯದ ತೊಂದರೆ ಇರುವವರು, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ತಲೆಯಲ್ಲಿ ಗಾಯ, ಬಿಸಿಲಿಗೆ ಸುಟ್ಟ ಚರ್ಮ ಅಥವಾ ಸೋರಿಯಾಸಿಸ್ ಇದ್ದರೆ ಅದು ವಾಸಿಯಾಗುವವರೆಗೆ ಕಾಯಬೇಕು, ಏಕೆಂದರೆ ಕೆಟ್ಟ ಚರ್ಮದ ಮೂಲಕ ಮದ್ದು ಮಾಮೂಲಿಗಿಂತ ಹೆಚ್ಚು ರಕ್ತಕ್ಕೆ ಸೇರುತ್ತದೆ.

ಎಷ್ಟು ಸೇರುತ್ತದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಶೇ 5ರ ದ್ರಾವಣದ 1 ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ಮಿನಾಕ್ಸಿಡಿಲ್ ಇರುತ್ತದೆ. ದಿನಕ್ಕೆ ಎರಡು ಸಲ ಹಚ್ಚಿದರೆ ಅದು 100 ಮಿಲಿಗ್ರಾಂ. ಆರೋಗ್ಯವಾಗಿರುವ ತಲೆಯ ಚರ್ಮ ಸರಾಸರಿ ಶೇ 1.4ರಷ್ಟನ್ನು ಮಾತ್ರ ಒಳಗೆ ಬಿಡುತ್ತದೆ, ಅಂದರೆ ಸುಮಾರು 1.4 ಮಿಲಿಗ್ರಾಂ. ರಕ್ತದೊತ್ತಡದ ಚಿಕಿತ್ಸೆಯಲ್ಲಿ ಮಾತ್ರೆಯ ಆರಂಭಿಕ ಪ್ರಮಾಣ ದಿನಕ್ಕೆ 5 ಮಿಲಿಗ್ರಾಂ ಎಂಬುದನ್ನು ಇದರ ಪಕ್ಕದಲ್ಲಿಟ್ಟರೆ, ಹೇಳಿದಷ್ಟೇ ಹಚ್ಚಿದವರಿಗೆ ಏಕೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ ಎಂಬುದೂ, ಹುಣ್ಣಾದ ನೆತ್ತಿಗೆ ಎರಡು ಮೂರು ಪಟ್ಟು ಸುರಿದುಕೊಳ್ಳುವುದು ಏಕೆ ಆಟವಲ್ಲ ಎಂಬುದೂ ಅರ್ಥವಾಗುತ್ತದೆ.

3. ಶೇಕಡಾ ಪ್ರಮಾಣವನ್ನು ನಿರ್ಧರಿಸಿ

ಗಂಡಸರ ಮಟ್ಟಿಗೆ ಉತ್ತರ ಸರಳ. ಶೇ 5ರ ದ್ರಾವಣ ಶೇ 2ರದ್ದಕ್ಕಿಂತ ಹೆಚ್ಚು ಕೂದಲು ಬೆಳೆಸುತ್ತದೆ, ಫಲವೂ ಬೇಗ ಕಾಣುತ್ತದೆ. ಎರಡನ್ನೂ 48 ವಾರಗಳ ಕಾಲ ಹೋಲಿಸಿದ ಅಧ್ಯಯನದಲ್ಲಿ ಶೇ 5 ಹಚ್ಚಿದ ಗಂಡಸರ ನೆತ್ತಿಯಲ್ಲಿ ಮರಳಿ ಬೆಳೆದ ಕೂದಲು ಶೇ 2 ಹಚ್ಚಿದವರಿಗಿಂತ ಶೇ 45ರಷ್ಟು ಹೆಚ್ಚಿತ್ತು. ಜೊತೆಗೆ ತುರಿಕೆ ಮತ್ತು ಚರ್ಮದ ಕಿರಿಕಿರಿಯೂ ಹೆಚ್ಚಿತ್ತು. ಚರ್ಮ ಬಹಳ ಸೂಕ್ಷ್ಮವಾಗಿರುವವರನ್ನು ಬಿಟ್ಟರೆ ಗಂಡಸರು ಶೇ 5ರಿಂದಲೇ ಆರಂಭಿಸುವುದು ಸರಿ.

ಹೆಂಗಸರ ವಿಷಯದಲ್ಲಿ ಸ್ವಲ್ಪ ವಿವೇಚನೆ ಬೇಕು. ಶೇ 2ರ ದ್ರಾವಣವನ್ನು ದಿನಕ್ಕೆ ಎರಡು ಸಲ ಹಚ್ಚುವುದು ಹಳೆಯ ಕ್ರಮ. ಶೇ 5ರ ನೊರೆಯನ್ನು ದಿನಕ್ಕೆ ಒಂದೇ ಸಲ ಹಚ್ಚಿದರೂ ಅಷ್ಟೇ ಫಲ ಸಿಗುತ್ತದೆ ಎಂದು ಅಧ್ಯಯನಗಳು ತೋರಿಸಿದ ಮೇಲೆ, 2014ರಲ್ಲಿ ಎಫ್‌ಡಿಎ ಹೆಂಗಸರಿಗೆ ಆ ಕ್ರಮವನ್ನೂ ಒಪ್ಪಿಕೊಂಡಿತು. ಶೇ 5ರ ದ್ರಾವಣವನ್ನು ಹೆಂಗಸರು ದಿನಕ್ಕೆರಡು ಸಲ ಹಚ್ಚಿದರೆ ಹಣೆ, ಕೆನ್ನೆ, ಮೇಲ್ದುಟಿಯ ಮೇಲೆ ಬೇಡದ ಕೂದಲು ಬೆಳೆಯುವ ಸಾಧ್ಯತೆ ಹೆಚ್ಚುತ್ತದೆ. ಹಚ್ಚುವುದನ್ನು ನಿಲ್ಲಿಸಿದ ಕೆಲವು ತಿಂಗಳಲ್ಲಿ ಅದು ಹೋಗುತ್ತದೆಯಾದರೂ, ತಲೆಯ ಮೇಲೆ ಬೆಳೆದದ್ದೂ ಅದರ ಜೊತೆಗೇ ಹೋಗುತ್ತದೆ.

ಶೇ 7, ಶೇ 10 ಎಂದು ಬರೆದ ಬಾಟಲಿಗಳೂ ಸಿಗುತ್ತವೆ. ಪ್ರಮಾಣ ದುಪ್ಪಟ್ಟಾದರೆ ಕೂದಲು ದುಪ್ಪಟ್ಟಾಗುತ್ತದೆ ಎಂಬುದು ನಂಬಿಕೆಯಷ್ಟೇ. ಕಿಣ್ವ ಮಾರ್ಪಡಿಸಬಲ್ಲಷ್ಟು ಮದ್ದಿಗೆ ಮಿತಿಯಿದೆ, ಕಿರಿಕಿರಿಗೆ ಮಾತ್ರ ಅಂಥ ಮಿತಿಯಿಲ್ಲ.

4. ರೂಪವನ್ನು ಆರಿಸಿಕೊಳ್ಳಿ

ಹೆಚ್ಚಿನವರು ತಪ್ಪುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ನೋಡೋಣ.

ಮಿನಾಕ್ಸಿಡಿಲ್ ನೀರಿನಲ್ಲಿ ಸುಲಭವಾಗಿ ಕರಗದು. ದ್ರಾವಣದಲ್ಲಿ ಅದನ್ನು ಕರಗಿಸಿಡುವುದಕ್ಕೆ ನೀರು ಮತ್ತು ಆಲ್ಕೊಹಾಲ್ ಜೊತೆಗೆ ಪ್ರೊಪಿಲೀನ್ ಗ್ಲೈಕಾಲ್ ಎಂಬ ಬಣ್ಣವಿಲ್ಲದ, ಸ್ವಲ್ಪ ಜಿಗುಟಾದ ದ್ರವವನ್ನು ಸೇರಿಸಿರುತ್ತಾರೆ. ಹಚ್ಚಿದ ಮೇಲೆ ಆಲ್ಕೊಹಾಲ್ ಆರಿಹೋಗುತ್ತದೆ, ಗ್ಲೈಕಾಲ್ ಉಳಿದು ಮದ್ದನ್ನು ಚರ್ಮದೊಳಕ್ಕೆ ಸಾಗಿಸುತ್ತದೆ. ಇದರ ಅನುಕೂಲವೂ ಅನನುಕೂಲವೂ ಆ ಒಂದೇ ಗುಣದಲ್ಲಿವೆ. ಗ್ಲೈಕಾಲ್ ಬೇಗ ಆರುವುದಿಲ್ಲವಾದ್ದರಿಂದ ಕೂದಲು ಎಣ್ಣೆ ಹಚ್ಚಿದಂತೆ ಅಂಟಂಟಾಗುತ್ತದೆ. ಕೆಲವರಿಗೆ ನವೆ, ಕೆಂಪು, ಸಿಪ್ಪೆಯೇಳುವಿಕೆ ಶುರುವಾಗುತ್ತದೆ. "ಮಿನಾಕ್ಸಿಡಿಲ್ ನನಗೆ ಒಗ್ಗಲಿಲ್ಲ" ಎನ್ನುವವರಲ್ಲಿ ಅನೇಕರಿಗೆ ನಿಜವಾಗಿ ಒಗ್ಗದೇ ಇದ್ದದ್ದು ಈ ಗ್ಲೈಕಾಲ್. ಮದ್ದನ್ನೇ ಬಿಡುವ ಮೊದಲು ಇಷ್ಟನ್ನಾದರೂ ಪರೀಕ್ಷಿಸಿಕೊಳ್ಳಬೇಕು.

ದ್ರಾವಣ ಒಣಗಿದಾಗ ಕಾಣುವ ಇನ್ನೊಂದು ಸಂಗತಿಯಿದೆ. ಬೆಳಗ್ಗೆ ಬಾಚಿದಾಗ ಹೆಗಲ ಮೇಲೆ ಸಣ್ಣ ಬಿಳಿ ಪುಡಿ ಉದುರುತ್ತದೆ. ಹೊಟ್ಟು ಹೆಚ್ಚಾಯಿತೆಂದು ಜನ ಹೊಟ್ಟಿನ ಶಾಂಪೂ ತರುತ್ತಾರೆ. ಆ ಪುಡಿಯನ್ನು ಬೆರಳ ತುದಿಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿ: ಸಕ್ಕರೆಯ ಹುಡಿಯಂತೆ ಮಿನುಗಿದರೆ ಅದು ದ್ರಾವಣ ಆರಿ ಹರಳುಗಟ್ಟಿದ ಮದ್ದು. ಚಪ್ಪಟೆಯಾಗಿ, ಸಪ್ಪೆಯಾಗಿ, ತುಸು ಜಿಡ್ಡಾಗಿ ಇದ್ದರೆ ಹೊಟ್ಟು. ಹರಳುಗಳು ಹೆಚ್ಚು ಕಾಣುತ್ತಿವೆ ಎಂದರೆ ಮದ್ದಿನ ಬಹುಪಾಲು ಚರ್ಮದ ಬದಲು ಕೂದಲಿನ ಮೇಲೆ ಬೀಳುತ್ತಿದೆ ಎಂದೂ ಅರ್ಥ.

ನೊರೆಯಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಇರುವುದಿಲ್ಲ, ಅದರ ಜಾಗದಲ್ಲಿ ಆಲ್ಕೊಹಾಲ್, ಗ್ಲಿಸರಿನ್ ಮತ್ತು ಕೆಲವು ಮೇದಸ್ಸಿನ ಆಲ್ಕೊಹಾಲ್‌ಗಳಿರುತ್ತವೆ. ಹೀಗಾಗಿ ಬೇಗ ಆರುತ್ತದೆ, ಅಂಟುವುದಿಲ್ಲ, ಹಣೆಯ ಮೇಲೆ ಇಳಿಯುವುದಿಲ್ಲ, ನವೆಯೂ ಕಡಿಮೆ. ಆದರೂ ಆಲ್ಕೊಹಾಲ್ ಇರುವುದರಿಂದ ಒಣ ಚರ್ಮದವರಿಗೆ ಉರಿ ಎನಿಸಬಹುದು. ನೊರೆಯ ನಿಜವಾದ ಕೊರತೆ ಬೇರೆ. ಕೂದಲು ದಟ್ಟವಾಗಿ, ಉದ್ದವಾಗಿ ಇರುವವರಲ್ಲಿ ಅದು ಕೂದಲಿನಲ್ಲೇ ಸಿಕ್ಕಿಕೊಳ್ಳುತ್ತದೆ, ಬುಡಕ್ಕೆ ತಲುಪುವುದೇ ಇಲ್ಲ. ಬೈತಲೆ ಬೈತಲೆಯಾಗಿ ಕೂದಲು ಬಿಡಿಸಿ ಡ್ರಾಪರಿನಿಂದ ಹನಿ ಬಿಡುವುದು ಅಂಥವರಿಗೆ ಹೆಚ್ಚು ಕರಾರುವಾಕ್ಕು.

ಮೂರನೆಯದು ಪಂಪು ಅಥವಾ ಸ್ಪ್ರೇ ಇರುವ ಬಾಟಲಿ. ಒಳಗಿರುವುದು ಅದೇ ದ್ರಾವಣ. ಬೋಳಾದ ಜಾಗ ಅಗಲವಾಗಿ, ಕೂದಲು ಗಿಡ್ಡವಾಗಿ ಇದ್ದಾಗ ಸ್ಪ್ರೇ ಅನುಕೂಲ. ಕೂದಲಿನ ನಡುವೆ ಸಿಂಪಡಿಸಿದರೆ ಅರ್ಧ ಮದ್ದು ಕೂದಲಿಗೆ, ಕಾಲುಭಾಗ ಗಾಳಿಗೆ. ಕೆಲವು ಬಾಟಲಿಗಳ ಜೊತೆ ಉದ್ದ ಮೂತಿಯೊಂದನ್ನು ಕೊಟ್ಟಿರುತ್ತಾರೆ, ಅದನ್ನು ಜೋಡಿಸಿದರೆ ಬುಡಕ್ಕೆ ಗುರಿಯಿಡಬಹುದು. 1 ಮಿಲಿಲೀಟರಿಗೆ ಎಷ್ಟು ಸಲ ಒತ್ತಬೇಕು ಎಂಬುದು ಬಾಟಲಿಯಿಂದ ಬಾಟಲಿಗೆ ಬದಲಾಗುತ್ತದೆ, ಚೀಟಿಯಲ್ಲಿ ಓದಿಯೇ ತಿಳಿಯಬೇಕು.

ಪ್ರೊಪಿಲೀನ್ ಗ್ಲೈಕಾಲ್ ಇಲ್ಲದ ದ್ರಾವಣಗಳೂ ಈಗ ತಯಾರಾಗುತ್ತಿವೆ. ಕೂದಲು ಉದ್ದವಾಗಿದ್ದು ಗ್ಲೈಕಾಲ್ ಒಗ್ಗದವರಿಗೆ ಇದು ನಡುದಾರಿ. ಪೊಟ್ಟಣದ ಮುಂಬದಿಯ ದೊಡ್ಡ ಅಕ್ಷರಗಳನ್ನು ನಂಬದೆ ಹಿಂಬದಿಯ ಘಟಕಗಳ ಪಟ್ಟಿಯನ್ನು ಓದಿ ಖಾತ್ರಿ ಮಾಡಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಗಿಡ್ಡ ಕೂದಲಿನ ಗಂಡಸರಿಗೆ ಮತ್ತು ನವೆಯ ಪ್ರಕೃತಿಯವರಿಗೆ ನೊರೆ. ಉದ್ದ ಕೂದಲಿದ್ದು ಬೈತಲೆ ಅಗಲವಾಗುತ್ತಿರುವವರಿಗೆ, ಚರ್ಮ ತಡೆದುಕೊಳ್ಳುವುದಾದರೆ, ಡ್ರಾಪರಿನ ದ್ರಾವಣ. ಸಾಮಾನ್ಯವಾಗಿ ದ್ರಾವಣ ನೊರೆಗಿಂತ ಅಗ್ಗ. ವರ್ಷಗಟ್ಟಲೆ ಹಚ್ಚಬೇಕಾದ ಮದ್ದಿನಲ್ಲಿ ಖರ್ಚನ್ನು ಗಣನೆಗೆ ತೆಗೆದುಕೊಳ್ಳುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

5. ಮಿಶ್ರಣಗಳ ವಿಷಯದಲ್ಲಿ ಎಚ್ಚರ

ಮಿನಾಕ್ಸಿಡಿಲ್ ಜೊತೆಗೆ ಫಿನಾಸ್ಟರೈಡ್ ಬೆರೆಸಿದ ದ್ರಾವಣಗಳನ್ನು ಕೆಲವು ವೈದ್ಯರು ಬರೆದುಕೊಡುತ್ತಾರೆ. ಫಿನಾಸ್ಟರೈಡ್ ಬೇರೆಯೇ ಜಾತಿಯ ಮದ್ದು. ರೋಮಕೂಪವನ್ನು ಕುಗ್ಗಿಸುವ ಡಿಎಚ್‌ಟಿ ಎಂಬ ಹಾರ್ಮೋನು ತಯಾರಾಗದಂತೆ ಅದು ತಡೆಯುತ್ತದೆ. ತಲೆಗೆ ಹಚ್ಚಿದರೆ ತಲೆಯಲ್ಲೇ ಉಳಿಯುತ್ತದೆ ಎಂದು ಹೇಳಿ ಮಾರುವವರಿದ್ದಾರೆ; ಅದು ಪೂರ್ತಿ ನಿಜವಲ್ಲ. ಒಂದಷ್ಟು ರಕ್ತಕ್ಕೆ ಸೇರಿ ಅಲ್ಲಿನ ಡಿಎಚ್‌ಟಿಯನ್ನೂ ತಗ್ಗಿಸುತ್ತದೆ. ಔಷಧದಂಗಡಿಗಳಲ್ಲಿ ಬೆರೆಸಿ ಕೊಡುವ ಹಚ್ಚುವ ಫಿನಾಸ್ಟರೈಡ್ ಬಗ್ಗೆ ಎಫ್‌ಡಿಎ 2025ರಲ್ಲಿ ಎಚ್ಚರಿಕೆ ಹೊರಡಿಸಿದೆ. ಗಂಡು ಭ್ರೂಣದ ಬೆಳವಣಿಗೆಗೆ ಇದು ಹಾನಿ ಮಾಡಬಲ್ಲದಾದ್ದರಿಂದ ಗರ್ಭಿಣಿಯರು, ಗರ್ಭ ಧರಿಸುವ ಸಾಧ್ಯತೆಯಿರುವವರು ಇದನ್ನು ಮುಟ್ಟಲೂ ಬಾರದು. ವೈದ್ಯರ ಬರಹವಿಲ್ಲದೆ ಈ ಮಿಶ್ರಣವನ್ನು ತರಬೇಡಿ.

ಕಿಟೊಕೊನಜೋಲ್ ಶಾಂಪೂ ಹೊಟ್ಟು ಮತ್ತು ಶಿಲೀಂಧ್ರಕ್ಕೆ ಒಳ್ಳೆಯದು, ಕೂದಲು ಬೆಳೆಸುತ್ತದೆ ಎಂಬುದಕ್ಕೆ ಆಧಾರ ತೆಳು. ಚರ್ಮಕ್ಕೆ ಸೂಜಿ ಚುಚ್ಚುವ ಡರ್ಮಾ ರೋಲರ್ ಉರುಳಿಸಿದ ಕೂಡಲೇ ಮಿನಾಕ್ಸಿಡಿಲ್ ಹಚ್ಚಬೇಡಿ. ಅಸಂಖ್ಯ ಸಣ್ಣ ತೂತುಗಳ ಮೂಲಕ ಮದ್ದು ನೇರವಾಗಿ ಒಳಗೆ ಹೋಗುತ್ತದೆ. ಮೊಡವೆಗೆ ಹಚ್ಚುವ ಟ್ರೆಟಿನಾಯಿನ್ ಎಂಬ ಮದ್ದನ್ನು ಬೆರೆಸಿದ ದ್ರಾವಣಗಳೂ ಹೀರಿಕೆಯನ್ನು ಹೆಚ್ಚಿಸುತ್ತವೆ. ಇನ್ನು ನೊರೆಯನ್ನೂ ದ್ರಾವಣವನ್ನೂ ಒಂದೇ ಹೊತ್ತಿನಲ್ಲಿ ಬೆರೆಸಿ ಹಚ್ಚಬಹುದೇ ಎಂಬ ಪ್ರಶ್ನೆಗೆ ಉತ್ತರ: ಬೇಡ, ಅದು ಎರಡು ಪಟ್ಟು ಪ್ರಮಾಣವಲ್ಲದೆ ಬೇರೇನೂ ಅಲ್ಲ. ಬೆಳಗ್ಗೆ ನೊರೆ, ರಾತ್ರಿ ದ್ರಾವಣ ಎಂದು ಹೊತ್ತು ಹಂಚಿಕೊಳ್ಳುವುದಕ್ಕೆ ಗಂಡಸರಿಗೆ ಅಡ್ಡಿಯಿಲ್ಲ.

6. ಮೊದಲು ಸಣ್ಣ ಜಾಗದಲ್ಲಿ ಹಚ್ಚಿ ನೋಡಿ

ಕಿವಿಯ ಹಿಂಭಾಗದಲ್ಲಿ ಒಂದು ಹನಿ ಹಚ್ಚಿ, ಎರಡು ಮೂರು ದಿನ ಅದನ್ನೇ ಮುಂದುವರಿಸಿ. ತುಸು ಚುರುಗುಟ್ಟಿ ನಿಂತರೆ ಅದು ಆಲ್ಕೊಹಾಲ್. ಕೆಂಪಾಗಿ ಊದಿಕೊಂಡರೆ, ಸಣ್ಣ ಗುಳ್ಳೆಗಳೆದ್ದರೆ ಅಲರ್ಜಿ. ಆಗ ಆ ರೂಪವನ್ನು ಬಿಟ್ಟು, ಚರ್ಮ ಸರಿಹೋದ ಮೇಲೆ ಗ್ಲೈಕಾಲ್ ಇಲ್ಲದ ರೂಪವನ್ನು ಹೀಗೆಯೇ ಪರೀಕ್ಷಿಸಿ. ಅದಕ್ಕೂ ಗುಳ್ಳೆಯೆದ್ದರೆ ಮಿನಾಕ್ಸಿಡಿಲ್‌ಗೇ ಅಲರ್ಜಿ ಇರಬಹುದು. ಚರ್ಮರೋಗ ತಜ್ಞರು ಪ್ಯಾಚ್ ಪರೀಕ್ಷೆ ಮಾಡಿ, ಅಂದರೆ ಶಂಕಿತ ಪದಾರ್ಥಗಳನ್ನು ಪಟ್ಟಿಯಲ್ಲಿಟ್ಟು ಬೆನ್ನಿಗೆ ಅಂಟಿಸಿ, ಯಾವುದೆಂದು ಖಚಿತವಾಗಿ ಹೇಳಬಲ್ಲರು.

7. ಹಚ್ಚುವ ಕ್ರಮ

ತಲೆ ಮತ್ತು ಕೂದಲು ಪೂರ್ತಿ ಒಣಗಿರಬೇಕು. ಸ್ನಾನ ಮಾಡಿದ ಕೂಡಲೇ ಒದ್ದೆ ತಲೆಗೆ ಹಚ್ಚಿದರೆ ಮದ್ದು ತೆಳುವಾಗಿ ಹರಿದುಹೋಗುತ್ತದೆ. ಎಣ್ಣೆ ಹಚ್ಚಿದ ತಲೆಯೂ ಬೇಡ. ಎಣ್ಣೆ ಬಿಡಲಾಗದವರು ಅದನ್ನು ತೊಳೆಯುವ ಮೊದಲು ಹಚ್ಚಿ, ತೊಳೆದು ಒಣಗಿಸಿದ ಮೇಲೆ ಮದ್ದಿಗೆ ಬನ್ನಿ.

ದ್ರಾವಣವಾದರೆ ಡ್ರಾಪರಿನಲ್ಲಿ 1 ಮಿಲಿಲೀಟರಿನ ಗೆರೆಯವರೆಗೆ ಎಳೆದುಕೊಳ್ಳಿ. ಬಾಚಣಿಗೆಯ ತುದಿಯಿಂದ ತೆಳುವಾದ ಭಾಗದ ನಡುವೆ ಒಂದು ಬೈತಲೆ ತೆಗೆದು, ಚರ್ಮ ಕಾಣುವ ಗೆರೆಯುದ್ದಕ್ಕೂ ನಾಲ್ಕೈದು ಹನಿ ಬಿಡಿ. ಹನಿ ಓಡುವ ಮೊದಲು ಬೆರಳಿನಿಂದ ಒತ್ತಿ ಹರಡಿ. ಒಂದು ಬೆರಳಿನಗಲ ಬಿಟ್ಟು ಮತ್ತೊಂದು ಬೈತಲೆ, ಮತ್ತೆ ನಾಲ್ಕೈದು ಹನಿ. ಹೀಗೆ 1 ಮಿಲಿಲೀಟರಿನಲ್ಲಿ ತೆಳುವಾದ ಇಡೀ ಜಾಗ ಮುಗಿಯಬೇಕು. ಜಾಗ ದೊಡ್ಡದೆಂದು ಎರಡನೆಯ ಡ್ರಾಪರ್ ತುಂಬಬಾರದು. ಹಣೆಗೆ ಇಳಿದದ್ದನ್ನು ಕೂಡಲೇ ಒರೆಸಿಬಿಡಿ, ಇಳಿದಲ್ಲೆಲ್ಲ ಕೂದಲು ಬರಬಹುದು.

ನೊರೆಯಾದರೆ ಮೊದಲು ಬೆರಳುಗಳನ್ನು ತಣ್ಣೀರಿನಲ್ಲಿ ತೊಳೆದು ಒರೆಸಿಕೊಳ್ಳಿ. ಬೆಚ್ಚಗಿನ ಬೆರಳಿಗೆ ತಾಗಿದ ನೊರೆ ಕಣ್ಣೆದುರೇ ಕರಗಿ ನೀರಾಗುತ್ತದೆ, ನೆತ್ತಿಗೆ ಮುಟ್ಟುವಷ್ಟರಲ್ಲಿ ಅರ್ಧ ಅಂಗೈಗೆ ಹೋಗಿರುತ್ತದೆ. ಡಬ್ಬವನ್ನು ತಲೆಕೆಳಗಾಗಿ ಹಿಡಿದು ಮುಚ್ಚಳದ ಅರ್ಧದಷ್ಟು, ಅಂದರೆ ಸುಮಾರು 1 ಗ್ರಾಂ, ತೆಗೆದುಕೊಂಡು ಸ್ವಲ್ಪಸ್ವಲ್ಪವಾಗಿ ಚರ್ಮಕ್ಕೆ ಒತ್ತಿ. ಕೂದಲಿನ ಮೇಲೆ ಬಿಳಿ ನೊರೆ ಕಾಣುತ್ತಿದ್ದರೆ ಅದಿನ್ನೂ ಬುಡಕ್ಕೆ ಸೇರಿಲ್ಲ.

ಹಚ್ಚಿದ ನಂತರ ಕೈಗಳನ್ನು ಚೆನ್ನಾಗಿ ತೊಳೆಯಿರಿ. ನಾಲ್ಕು ಗಂಟೆ ತಲೆಗೆ ನೀರು ಹಾಕಬೇಡಿ. ಹೇರ್ ಡ್ರೈಯರ್ ಹಿಡಿಯದೆ ತಾನಾಗಿಯೇ ಆರಲು ಬಿಡಿ. ರಾತ್ರಿ ಹಚ್ಚುವವರು ಮಲಗುವುದಕ್ಕೆ ಎರಡರಿಂದ ನಾಲ್ಕು ಗಂಟೆ ಮೊದಲೇ ಹಚ್ಚುವುದು ಒಳ್ಳೆಯದು, ಇಲ್ಲವಾದರೆ ದಿಂಬಿಗೆ ಹತ್ತಿದ ಮದ್ದು ಮುಖಕ್ಕೆ ಹತ್ತುತ್ತದೆ. ಕೂದಲಿಗೆ ಬಣ್ಣ ಹಾಕುವ ದಿನ ಮದ್ದಿಗೆ ಬಿಡುವು ಕೊಡಿ. ಒಂದು ಹೊತ್ತು ಮರೆತರೆ ಮರೆತದ್ದೇ. ಮುಂದಿನ ಹೊತ್ತಿಗೆ ಎರಡರಷ್ಟು ಹಚ್ಚಿ ಸರಿದೂಗಿಸಬೇಡಿ.

ಎರಡು ಅಪಾಯಗಳನ್ನು ಇಲ್ಲಿ ಒತ್ತಿ ಹೇಳಬೇಕು. ಮೊದಲನೆಯದು ಬೆಂಕಿ: ಎರಡೂ ರೂಪಗಳಲ್ಲಿ ಆಲ್ಕೊಹಾಲ್ ಇದೆ, ನೊರೆಯ ಡಬ್ಬದಲ್ಲಿ ಹೊತ್ತಿಕೊಳ್ಳುವ ಅನಿಲವೂ ಇದೆ. ಆರುವ ಮುಂಚೆ ಒಲೆಯ ಮುಂದೆ ನಿಲ್ಲುವುದು, ಸಿಗರೇಟು ಹಚ್ಚುವುದು ಬೇಡ. ಡಬ್ಬವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡಬೇಡಿ, ಖಾಲಿಯಾದ ಮೇಲೂ ತೂತು ಮಾಡಬೇಡಿ. ಎರಡನೆಯದು ಮನೆಯ ಇತರರು: ಹಚ್ಚಿಕೊಂಡ ಹಿರಿಯರ ಚರ್ಮ ತಾಗಿದ ಶಿಶುಗಳ ಮೈಮೇಲೆ ಅತಿಯಾಗಿ ಕೂದಲು ಬೆಳೆದ ಪ್ರಕರಣಗಳು ವರದಿಯಾಗಿವೆ. ಬೆಕ್ಕುಗಳಿಗಂತೂ ಇದು ವಿಷ. ಚೆಲ್ಲಿದ ಕೆಲವೇ ಹನಿಗಳನ್ನು, ಇಲ್ಲವೇ ದಿಂಬಿಗೆ ಹತ್ತಿದ್ದನ್ನು ನೆಕ್ಕಿದರೂ ಬೆಕ್ಕು ಸಾಯಬಹುದು. ಬೆಕ್ಕು ನಿಮ್ಮ ದಿಂಬಿನ ಮೇಲೆ ಮಲಗುವುದಾದರೆ ನೊರೆಯೋ ದ್ರಾವಣವೋ ಎಂಬುದಕ್ಕಿಂತ ಮೊದಲು ಈ ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳಿ.

8. ಮೊದಲ ತಿಂಗಳುಗಳಲ್ಲಿ ಕಾಣುವುದು

ಆರಂಭಿಸಿದ ಎರಡರಿಂದ ಎಂಟು ವಾರಗಳಲ್ಲಿ ಉದುರುವಿಕೆ ಹೆಚ್ಚಾಗಬಹುದು. ವಿಶ್ರಾಂತಿಯಲ್ಲಿದ್ದ ಹಳೆಯ ಕೂದಲನ್ನು ಕೆಳಗಿನಿಂದ ಹೊಸದು ತಳ್ಳುವುದರಿಂದ ಹೀಗಾಗುತ್ತದೆ. ಬಚ್ಚಲಿನ ಜಾಲರಿಯಲ್ಲಿ ಕೂದಲಿನ ಉಂಡೆ ಕಂಡು ಹೆದರಿ ಈ ಹಂತದಲ್ಲೇ ಬಿಟ್ಟವರ ಸಂಖ್ಯೆ ಬಹಳ ದೊಡ್ಡದು. ಬಿಡಬೇಡಿ. ಹೊಸದಾಗಿ ಬರುವ ಕೂದಲು ಮೊದಲು ಮೆತ್ತಗೆ, ತಿಳಿಬಣ್ಣದಲ್ಲಿ, ಮಗುವಿನ ಕೂದಲಿನಂತೆ ಇರುತ್ತದೆ. ಕಣ್ಣಿಗೆ ಕಾಣುವ ಬದಲಾವಣೆಗೆ ಸುಮಾರು ನಾಲ್ಕು ತಿಂಗಳು, ಸರಿಯಾಗಿ ಅಳೆಯುವುದಕ್ಕೆ ಆರರಿಂದ ಹನ್ನೆರಡು ತಿಂಗಳು ಬೇಕು. ಕನ್ನಡಿ ಈ ಅಳತೆಗೆ ಬಾರದು. ಒಂದೇ ಬೆಳಕಿನಲ್ಲಿ, ಒಂದೇ ಕೋನದಿಂದ ತಿಂಗಳಿಗೊಮ್ಮೆ ಫೋಟೊ ತೆಗೆಯಿರಿ. ಫಲ ಹೆಚ್ಚು ಕಾಣುವುದು ನಡುನೆತ್ತಿಯಲ್ಲಿ. ಹಣೆಯ ಮೂಲೆಗಳಲ್ಲಿ ನಿರೀಕ್ಷೆ ಕಡಿಮೆ ಇಟ್ಟುಕೊಳ್ಳಿ, ಹಲವು ವರ್ಷಗಳಿಂದ ನುಣುಪಾಗಿರುವ ಜಾಗದಲ್ಲಿ ಇನ್ನೂ ಕಡಿಮೆ.

ಎದೆಬಡಿತ ಜೋರಾಗುವುದು, ಎದೆನೋವು, ತಲೆಸುತ್ತು, ಕೈಕಾಲು ಅಥವಾ ಮುಖ ಊದಿಕೊಳ್ಳುವುದು, ಕಾರಣವಿಲ್ಲದೆ ದಿಢೀರನೆ ತೂಕ ಏರುವುದು, ಇವುಗಳಲ್ಲಿ ಯಾವುದೇ ಕಂಡರೂ ಆ ಕ್ಷಣವೇ ನಿಲ್ಲಿಸಿ ವೈದ್ಯರನ್ನು ಕಾಣಿ.

9. ರೂಪ ಬದಲಾಯಿಸುವುದು ಮತ್ತು ನಿಲ್ಲಿಸುವುದು

ದ್ರಾವಣದಿಂದ ನೊರೆಗೆ ಅಥವಾ ನೊರೆಯಿಂದ ದ್ರಾವಣಕ್ಕೆ ಬದಲಾಯಿಸುವಾಗ ನಡುವೆ ಬಿಡುವು ಕೊಡಬೇಕಾಗಿಲ್ಲ. ಚರ್ಮ ಹುಣ್ಣಾಗಿದ್ದರೆ ಮಾತ್ರ ವಾಸಿಯಾಗುವವರೆಗೆ ಕಾಯಬೇಕು. ಫಲ ಕಾಣಲಿಲ್ಲವೆಂದು ತಿಂಗಳಿಗೊಂದು ರೂಪ ಬದಲಾಯಿಸುವುದು ವ್ಯರ್ಥ, ಏಕೆಂದರೆ ಮದ್ದು ಅದೇ. ಬದಲಾಯಿಸಲು ಸರಿಯಾದ ಕಾರಣಗಳು ನವೆ, ಅಂಟು, ಬುಡಕ್ಕೆ ತಲುಪದಿರುವುದು ಮತ್ತು ಖರ್ಚು. ಹಚ್ಚುವುದನ್ನೇ ಪೂರ್ತಿ ನಿಲ್ಲಿಸಿದರೆ ಮೂರು ನಾಲ್ಕು ತಿಂಗಳಲ್ಲಿ ಗಳಿಸಿದ್ದು ಉದುರಿಹೋಗಿ, ಮದ್ದೇ ಹಚ್ಚದೆ ಇದ್ದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿಗೆ ತಲೆ ಬರುತ್ತದೆ. ಆರಂಭಿಸುವ ದಿನವೇ ಇದನ್ನು ತಿಳಿದಿರಬೇಕು.

ಆರು ತಿಂಗಳಾದ ಮೇಲೂ ಏನೂ ಕಾಣದಿದ್ದರೆ ವೈದ್ಯರ ಬಳಿಗೆ ಹೋಗುವ ಮೊದಲು ಖಾಲಿಯಾದ ಬಾಟಲಿಗಳನ್ನು ಎಣಿಸಿ. ಹೊತ್ತಿಗೆ 1 ಮಿಲಿಲೀಟರಿನಂತೆ ದಿನಕ್ಕೆ ಎರಡು ಸಲ ಹಚ್ಚುವವರಿಗೆ 60 ಮಿಲಿಲೀಟರಿನ ಬಾಟಲಿ ಸರಿಯಾಗಿ 30 ದಿನ ಬರುತ್ತದೆ. 60 ಗ್ರಾಂ ನೊರೆಯ ಡಬ್ಬವೂ ಅಷ್ಟೇ. ದಿನಕ್ಕೊಮ್ಮೆ ಹಚ್ಚುವ ಹೆಂಗಸರಿಗೆ ಎರಡು ತಿಂಗಳು. ದಿನಕ್ಕೆ ಎರಡು ಸಲ ಹಚ್ಚುವವರಿಗೆ ಆರು ತಿಂಗಳಿಗೆ ಆರು ಬಾಟಲಿ ಮುಗಿದಿದ್ದರೆ ಮದ್ದು ನಿಮಗೆ ಒದಗಲಿಲ್ಲವೆಂದು ಹೇಳಬಹುದು. ಮೂರೇ ಮುಗಿದಿದ್ದರೆ ಅರ್ಧದಷ್ಟು ಹೊತ್ತು ತಪ್ಪಿದೆ. ಆರು ತಿಂಗಳ ಲೆಕ್ಕವನ್ನು ಹೊಸ ಬಾಟಲಿ ತೆರೆದ ದಿನದಿಂದ ಮತ್ತೆ ಶುರು ಮಾಡಿ.